ದಾರಿ ಕೊಡತಕ್ಕದ್ದು

ಹಿರೇವಡ್ಡಟ್ಟಿಯ ನಮ್ಮ ಗುಡಿಯಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಪದ್ಯ ಓದುತ್ತಾರೆ, ದೇವೇಂದ್ರಪ್ಪನವರು ಅರ್ಥ ಹೇಳುತ್ತಾರೆ. ಅರ್ಥಕ್ಕೆ ಯಾರಾದರೂ ತಕರಾರು ತೆಗೆದರೆ ಪದ್ಯವನ್ನೇ ಮತ್ತೊಮ್ಮೆ ಗಟ್ಟಿಯಾಗಿ ಓದಿಸುವುದು ರೂಢಿ. ಅಲ್ಲಿಗೆ ಮಾತು ಮುಗಿಯಿತು. ಇಪ್ಪತ್ತು ವರ್ಷ ಕಂಬಕ್ಕೆ ಒರಗಿ ಕೇಳಿದ ನಾನು, ಲೋಕದ ನ್ಯಾಯವೂ ಹೀಗೇ ಎಂದುಕೊಂಡಿದ್ದೆ.

ನನ್ನ ತಮ್ಮ ವೀರು ಸರಕಿನ ಹಡಗಿನಲ್ಲಿ ಅಡುಗೆಯವನು. ಒಂದು ದೊಡ್ಡ ದೇಶದ ನೌಕಾಪಡೆ ಆ ಹಡಗನ್ನು ಹಿಡಿದು ನಾಲ್ಕು ತಿಂಗಳಾಗಿತ್ತು. ಹಡಗು ಹಿಡಿದವರ ವೈರಿ ದೇಶದ್ದು; ಆ ದೇಶ, ಅದೂ ದೊಡ್ಡದೇ, ‘ಸಮುದ್ರದ ಕಾನೂನು ಮುರಿದರು’ ಎಂದು ದಿನವೂ ಟೀವಿಯಲ್ಲಿ ಗುಡುಗುತ್ತಿತ್ತು. ವೀರುವಿನ ಹೆಂಡತಿ ಶಿವರಂಜನಿಯನ್ನು ಕರೆದುಕೊಂಡು ಗದುಗಿನ ವಕೀಲ ಉಳವಪ್ಪನವರ ಹತ್ತಿರ ಹೋದೆ.

ಅವರು ಆ ಸಮುದ್ರದ ಕಾನೂನಿನ ಕಲಂ ಹುಡುಕಿ ಕನ್ನಡದಲ್ಲಿ ಹೇಳಿದರು: ಶಾಂತಿ ಕೆಡಿಸದೆ ಹಾದುಹೋಗುವ ಹಡಗಿಗೆ ದಾರಿ ಕೊಡತಕ್ಕದ್ದು.

ಮೂರು ಸಲ ಓದಿಸಿದೆ. ಬಾಯಿಪಾಠವಾಯಿತು.

“ಇಷ್ಟ್ ಸ್ವಚ್ಛ ಐತಲ್ರಿ! ಅವರ ಮುಂದ ಗಟ್ಯಾಗಿ ಓದಿದ್ರ ಆತು.”

“ಯಾರ ಮುಂದ ಓದ್ತೀಯೋ ಮಾರಾಯಾ? ಅದೇನ್ ನಿಮ್ಮೂರ ಗುಡಿಕಟ್ಟಿ ಏನು?”

ಆದರೂ ಆ ಸಾಲನ್ನೇ ಬರೆಸಿ, ವೀರುವಿನ ಹೆಸರು ಹಾಕಿ, ಎರಡೂ ದೇಶಗಳ ರಾಯಭಾರ ಕಚೇರಿಗೆ ಕಳಿಸಿದೆ.

ಹಿಡಿದವರು ಉತ್ತರಿಸಿದರು: ಈ ಹಡಗು ಶಾಂತಿ ಕೆಡಿಸಿದೆ, ಅದೇ ಕಲಮಿನಂತೆ ಹಿಡಿದಿದ್ದೇವೆ. ವೈರಿ ದೇಶದವರು ನನ್ನ ಪತ್ರವನ್ನು ಟೀವಿಯಲ್ಲಿ ಎತ್ತಿ ತೋರಿಸಿದರು. “ನಮ್ಮ ಮಾತು ಮುಟ್ಟೇತಿ ಭಾವಾರ,” ಎಂದು ಶಿವರಂಜನಿ ಊರಿಗೆಲ್ಲ ಸಕ್ಕರೆ ಹಂಚಿದಳು.

ಎಂಟೇ ದಿನಕ್ಕೆ ಆ ವೈರಿ ದೇಶವೂ ಮೊದಲು ಹಿಡಿದವರದೊಂದು ಹಡಗು ಹಿಡಿಯಿತು. ಹಿಡಿದು ಅದೇ ಕಲಂ ಓದಿತು. ನಿನ್ನೆಯವರೆಗೆ ‘ಶಾಂತಿ ಕೆಡಿಸಿದೆ’ ಎಂದವರು ಇವತ್ತು ‘ದಾರಿ ಕೊಡತಕ್ಕದ್ದು’ ಎಂದು ಅರಚಿದರು.

ಕಡೆಗೆ ಇಬ್ಬರೂ ಕೂತು ಹಡಗು ಅದಲುಬದಲು ಮಾಡಿಕೊಂಡರು. ವೀರುವಿನ ಹಡಗಿನ ಇಪ್ಪತ್ತೊಂದು ಮಂದಿಯಲ್ಲಿ ಇಪ್ಪತ್ತು ಮಂದಿ ಬಿಡುಗಡೆಯಾದರು.

ಉಳವಪ್ಪನವರು ಫೋನು ಮಾಡಿದರು. “ನಿನ್ನ ಪತ್ರ ಟೀವ್ಯಾಗ ಬಂದಿತ್ತಲ್ಲಪಾ... ವೀರು ವೈರಿ ಕಡೀ ಮನಿಶ್ಯಾ ಅಂತ ಅವನ್ನೊಬ್ಬನ್ನ ಇಟಗೊಂಡಾರ.”

ಆ ಸಂಜೆಯೂ ಗುಡಿಗೆ ಹೋದೆ, ಬೇರೆಲ್ಲಿಗೆ ಹೋಗಲಿ? ಅರ್ಥಕ್ಕೆ ಯಾರೋ ತಕರಾರು ತೆಗೆದರು. ದೇವೇಂದ್ರಪ್ಪನವರು ಎಂದಿನಂತೆ, “ಪದ್ಯಾ ಮತ್ತೊಮ್ಮೆ ಓದ್ರಿ,” ಎಂದರು.

ಹೆಂಗಸರ ಸಾಲಿನಿಂದ ಶಿವರಂಜನಿ ತಿರುಗಿ ನನ್ನನ್ನೇ ನೋಡಿದಳು.

“ಭಾವಾರ, ಎದ್ದು ಹೇಳ್ರಿ ಅವರಿಗೆ. ಓದಿದ್ರ ಏನಾಕ್ಕೈತಿ ಅಂತ.”

ನಾನು ಏಳಲಿಲ್ಲ. ಪದ್ಯ ಮತ್ತೊಮ್ಮೆ ಓದಿದರು. ಎಲ್ಲರೂ ತಲೆದೂಗಿದರು.