ಮಂಗಳಮ್ಮನ ಗಂಡನ ಹೆಸರು

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಮರೆವಿನ ಕಾಯಿಲೆಯ ಮುದುಕರನ್ನು ಮನೆಯವರು ಹೇಗೆ ನೋಡಿಕೊಳ್ಳುತ್ತಾರೆಂದು ತಿಳಿಯುವುದು ೨೦೦೩ರಲ್ಲಿ ನನ್ನ ಕೆಲಸವಾಗಿತ್ತು. “ರಂಜಿನಿ, ನೋಡು, ಕೇಳು, ಬಾಯಿ ಮಾತ್ರ ಹಾಕಬೇಡ” ಎಂದು ನಮ್ಮ ಮೇಡಂ ಹೇಳಿ ಕಳಿಸಿದ್ದರು. ಬದನವಾಳು ಊರಿನವಳಾದ ನನಗೆ ಬಾಯಿ ಹಾಕಬೇಡ ಅಂದರೆ ಆಗುವ ಮಾತೇ!

ನಂಜನಗೂಡಿನ ಗುರುಮಲ್ಲಪ್ಪನವರು ಬಾಳೆಮಂಡಿ ನಡೆಸಿ ಬಾಳಿದವರು. ಈಗ ತಮ್ಮ ಹೆಸರು, ಮಂಡಿ ಬಿಟ್ಟರೆ ಹೆಚ್ಚೇನೂ ನೆನಪಿರಲಿಲ್ಲ. ಮಗ ನಂಜುಂಡೇಶ್ ಸ್ನಾನ ಮಾಡಿಸಿದರೆ ಸುಮ್ಮನಿರುತ್ತಿದ್ದರು, ಸೊಸೆ ಶ್ವೇತ ಕೊಟ್ಟರೆ ಉಣ್ಣುತ್ತಿದ್ದರು. ಹೆಂಡತಿ ಮಂಗಳಮ್ಮ ಕೋಣೆಗೆ ಕಾಲಿಟ್ಟರೆ ಮಾತ್ರ ಪಂಚೆ ಸರಿಮಾಡಿಕೊಂಡು ಎದ್ದು ಕೂರುತ್ತಿದ್ದರು.

“ಯಾರ ಮನೆಯೋಳವ್ವ ನೀನು? ನಿನ್ನ ಗಂಡ ಕಂಡ್ರೆ ಏನಂದ್ಕಂಡಾನು? ಆಚೆಗೋಗವ್ವ.”

ಮರ್ಯಾದಸ್ಥರು. ಆ ಮರ್ಯಾದೆಯೇ ಮಂಗಳಮ್ಮನಿಗೆ ಮುಳುವಾಗಿತ್ತು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದರು. ಇರುವಷ್ಟು ದಿನ ಪಕ್ಕದಲ್ಲಿ ಕೂರಬೇಕೆನ್ನುವುದೊಂದೇ ಆಕೆಯ ಆಸೆ, ಕೂತದ್ದು ಹೊಸ್ತಿಲಾಚೆ.

ಒಂದು ದಿನ ಗುರುಮಲ್ಲಪ್ಪನವರು ನನ್ನೆದುರೇ ಆಕೆಯನ್ನು ಕೇಳಿದರು, “ನಿನ್ನ ಗಂಡ ಯಾರು ಅಂತಾನಾದ್ರೂ ಏಳವ್ವ.”

“ಇವ್ರೇ” ಎಂದು ಮಂಗಳಮ್ಮ ಅವರತ್ತ ಬೆರಳು ಮಾಡಿದರು. ಮುದುಕರು ತಿರುಗಿ ಹಿಂದಿನ ಗೋಡೆ ನೋಡಿದರು. “ಯಾರೂ ಇಲ್ವಲ್ಲವ್ವ, ಸುಳ್ಳೇಳ್ತೀಯ” ಎಂದು ಬೇಜಾರು ಮಾಡಿಕೊಂಡರು.

ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. “ಹೆಸರು ಹೇಳ್ಬಿಡಿ ಅಮ್ಮ. ಇಲ್ದಿದ್ರೆ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು?”

“ಗಂಡನ ಎಸ್ರು ಬಾಯಲ್ಲಿ ಬಂದ್ರೆ ಅವ್ರ ಆಯಸ್ಸು ಕಮ್ಮಿಯಾಯ್ತದೆ ಕಣವ್ವ. ಮದುವೇಲಿ ಒಡಪಿನ ಪದ ಕಟ್ಟಿ ಎಸ್ರು ಏಳಿದ್ದೇ ಕೊನೆ.”

ಅದು ಆಕೆಯೇ ತೀರ್ಮಾನಿಸಬೇಕಾದ ವಿಷಯ. ಮಂಗಳಮ್ಮ ಗಂಡನನ್ನೊಮ್ಮೆ ನೋಡಿದರು. ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರ ಒಳಗೆ ಹೋಗಿ ನಿಂತರು.

“ನನ್ನ ಗಂಡನ ಎಸ್ರು ಗುರುಮಲ್ಲಪ್ಪ.”

“ಅತ್ತೇ!” ಎಂದು ಶ್ವೇತ ಅಡುಗೆಮನೆಯಿಂದ ಓಡಿಬಂದಳು.

“ಬಾಳೆಮಂಡಿ ಗುರುಮಲ್ಲಪ್ಪನಾ?” ಮುದುಕರು ಕೇಳಿದರು.

“ಊಂ. ಅವ್ರೇ.”

“ಅದು ನಾನಲ್ವಾ!” ಅವರು ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. “ಮತ್ತೆ ಯಾಕ್ ನಿಂತ್ಕಂಡಿದ್ದೀಯ? ಬಾ, ಕೂತ್ಕೊ.”

ಮಾರನೇ ದಿನ ಮರೆತರು. ಆಕೆ ಮತ್ತೆ ಹೇಳಿದರು. ವಾರ ಕಳೆಯುವಷ್ಟರಲ್ಲಿ ಬೀದಿಗೇ ಕೇಳುವಂತೆ ಹೇಳತೊಡಗಿದರು. ಆಕೆಯೇ ಉಣಿಸಿದರು, ಅವರ ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡರು. ಶ್ರಾವಣದಲ್ಲಿ ಗುರುಮಲ್ಲಪ್ಪನವರು ಆಕೆಯ ಕೈ ಹಿಡಿದುಕೊಂಡೇ ಶಿವೈಕ್ಯರಾದರು.

ಮಣ್ಣು ಮಾಡಿ ಬಂದ ಮೇಲೆ ಅವರ ತಂಗಿ ನಾಲ್ಕು ಜನರ ಮುಂದೆ ಅಂದೇಬಿಟ್ಟರು, “ಎಸ್ರಿಡ್ದು ಕರೀದೆ ಇದ್ದಿದ್ರೆ ನಮ್ಮಣ್ಣ ಇನ್ನೊಂದ್ ವರ್ಸ ಬದುಕ್ತಿದ್ದ.”

ನನಗೆ ರೇಗಿತು, ಬಾಯಿ ತೆರೆದೆ. ಮಂಗಳಮ್ಮ ಕೈಯೆತ್ತಿ ತಡೆದರು.

“ಬದುಕ್ತಿದ್ರೇನೋ ಕಣವ್ವ,” ಎಂದರು. “ಇನ್ಯಾರ್ದೋ ಗಂಡನಾಗಿ.”