ಮೂವರು ಹ್ಯೂ ಪ್ಯಾರಿಗಳು ಮತ್ತು ಒಂದು ಕಾಗದ

ನಮ್ಮ ಚುಬುಟ್ ಕಣಿವೆಯಲ್ಲಿ ಹ್ಯೂ ಪ್ಯಾರಿ ಎಂಬುವರು ಮೂವರಿದ್ದರು. ವೇಲ್ಸಿನಿಂದ ಹಡಗು ಹತ್ತಿ ದಕ್ಷಿಣ ಅಮೆರಿಕದ ಪಟಗೋನಿಯಾಕ್ಕೆ ಬಂದ ನಮ್ಮವರಲ್ಲಿ ಹೆಸರುಗಳಿಗೆ ಬಡತನ. ಅದಕ್ಕೇ ಕಸುಬು ಸೇರಿಸಿ ಗಿರಣಿ ಹ್ಯೂ, ಕುರಿ ಹ್ಯೂ, ಬಡಗಿ ಹ್ಯೂ ಎಂದು ಕರೆಯುತ್ತಿದ್ದೆವು.

ಬಡಗಿ ಅನಾಥಾಲಯದಲ್ಲಿ ಬೆಳೆದವನು. ಗಿರಣಿಯವನು ಆಗಾಗ ಕೆಣಕುತ್ತಿದ್ದ: "ಪ್ಯಾರಿ ಅಂದ್ರೆ ಹ್ಯಾರಿ ಮಗ ಅಂತ. ನಿಂಗ್ಯಾವ ಹ್ಯಾರಿನಯ್ಯಾ?"

"ಅನಾಥಾಲಯದ ಕಾವಲುಗಾರ ಪ್ಯಾರಿ ಅಂತಿದ್ದ. ಅವನದನ್ನೇ ನಂಗೂ ಅಂಟಿಸಿದ್ರು," ಎಂದು ಬಡಗಿ ಉಳಿ ಮಸೆಯುತ್ತಲೇ ಹೇಳುತ್ತಿದ್ದ.

ನದಿ ಉಕ್ಕಿದ ವರ್ಷ ಕುರಿ ಹ್ಯೂ ಮಂದೆ ದಾಟಿಸಲು ಹೋಗಿ ಕೊಚ್ಚಿಹೋದ. ಶವ ತೊಳೆದು ಪೆಟ್ಟಿಗೆ ಮಾಡಿದವನು ಬಡಗಿಯೇ. ಸತ್ತವನು ತನ್ನ ಊರಿನ ಸುದ್ದಿ ಎತ್ತಿದವನೇ ಅಲ್ಲ. ಯಾರಿಗೆ ತಿಳಿಸಬೇಕೆಂದು ನಮಗೆ ಗೊತ್ತಾಗಲಿಲ್ಲ.

ಮುಂದಿನ ವಸಂತದಲ್ಲಿ 'ಹ್ಯೂ ಪ್ಯಾರಿ, ಚುಬುಟ್' ಎಂದಷ್ಟೇ ಬರೆದ ಕಾಗದ ಬಂತು. ಗಿರಣಿಯವನು ಒಡೆದು ಓದಿ, ಬಡಗಿಯ ಕೈಗಿಟ್ಟು ಹೇಳಿದ:

"ನಂದಲ್ಲ ಕಣೋ. ನಮ್ಮಮ್ಮ ಹೋಗಿ ಯಾವ ಕಾಲ ಆಯ್ತು."

'ಒಂಬತ್ತು ವರ್ಷದ ಸಿಟ್ಟು ಸಾಕು ಮಗನೆ. ನಾಯಿ ಕಚ್ಚಿದ ಎಡಗಿವಿ ಚಳಿಗೆ ಈಗಲೂ ನೋಯುತ್ತದೆಯೇ? ಒಂದು ಸಾಲು ಬರಿ,' ಎಂದಿತ್ತು. ಕೆಳಗೆ ಮಾರ್ಗೆಡ್ ಎಂಬ ಸಹಿ.

ಹರಿದ ಆ ಕಿವಿಯನ್ನು ಬಡಗಿ ತೊಳೆದಿದ್ದ.

"ಪಾದ್ರಿಗಳ ಕೈಲಿ ಬರೆಸೋಣ," ಎಂದ ಗಿರಣಿಯವನು.

"ಬೇಡ. ನಾನೇ ಬರೀತೀನಿ."

ಅವನು ಏನನ್ನೂ ಮುಚ್ಚಿಡಲಿಲ್ಲ. ಮಗ ಹೋದದ್ದು, ಪೆಟ್ಟಿಗೆಗೆ ವಿಲೋ ಮರ ಬಳಸಿದ್ದು, ಗೋರಿ ಎತ್ತರದಲ್ಲಿರುವುದು, ಎಲ್ಲ ಬರೆದ. ಕೊನೆಗೆ, 'ನನ್ನ ಹೆಸರೂ ಹ್ಯೂ ಪ್ಯಾರಿ. ಕ್ಷಮಿಸಿ,' ಎಂದ.

ಎಂಟು ತಿಂಗಳಿಗೆ ಉತ್ತರ ಬಂತು. 'ನೀನು ಯಾರ ಮಗನಪ್ಪ?'

ಯಾರ ಮಗನೂ ಅಲ್ಲವೆಂದು ಬರೆಯಲು ಅವನಿಗೆ ಎರಡು ವಾರ ಹಿಡಿಯಿತು.

'ಹಾಗಿದ್ದರೆ ವರ್ಷಕ್ಕೆರಡು ಸಲ ನನಗೆ ಬರಿ,' ಎಂದಳು ಆ ತಾಯಿ. 'ಲಕೋಟೆಯ ಮೇಲೆ ಆ ಹೆಸರು ಬರೆಯುವುದು ನನ್ನ ಕೈಗೆ ರೂಢಿಯಾಗಿಬಿಟ್ಟಿದೆ.'

ಹನ್ನೊಂದು ವರ್ಷ ಕಾಗದಗಳು ಸಮುದ್ರ ದಾಟಿದವು. ಮದುವೆಯಾದದ್ದನ್ನು ಅವನು ಅವಳಿಗೆ ತಿಳಿಸಿದ. ಅವಳು ಉಣ್ಣೆಯ ಕಾಲುಚೀಲ ಕಳಿಸಿದಳು. ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ. ಕೊನೆಗೊಮ್ಮೆ ಅಪರಿಚಿತ ಅಕ್ಷರದ ಕಾಗದ ಬಂತು, ಅವಳ ನೆರೆಮನೆಯವರು ಬರೆದದ್ದು. ಬಡಗಿ ಮೂರು ದಿನ ಕೆಲಸದ ಕೋಣೆ ತೆರೆಯಲಿಲ್ಲ. ನಾವು ರೊಟ್ಟಿ, ಬೆಣ್ಣೆ ಹಿಡಿದು, ತಾಯಿ ತೀರಿದ ಮನೆಗೆ ಹೋಗುವಂತೆ ಅವನ ಮನೆಗೆ ಹೋಗಿ ಕೂತು ಬಂದೆವು.