ಬೆವರುವ ಪೈಪು, ಒಂದು ಹೊತ್ತಿನ ಊಟ

ಮಾಲಗಾಂವದಲ್ಲಿ ನನ್ನಷ್ಟು ಪೈಪು ಕಟ್ಟಿದವರು ಇನ್ನೊಬ್ಬರಿಲ್ಲ. ನಮ್ಮ ದ್ರಾಕ್ಷಿ ತೋಟದ ಡ್ರಿಪ್ ಪೈಪುಗಳನ್ನೆಲ್ಲ ಜೋಡಿಸಿ ಎಳೆದರೆ ತಲೆ ಪಂಢರಪುರ ಮುಟ್ಟುತ್ತದೆ, ಬಾಲ ಇನ್ನೂ ನಮ್ಮ ಅಂಗಳದಲ್ಲೇ ಇರುತ್ತದೆ. ಅಂಥ ನನ್ನನ್ನು, ಈ ತವನಪ್ಪನನ್ನು, ಹಿತ್ತಲಿನ ಒಂದು ಪೈಪು ಅಳಿಸಿತು.

ಅದು ಮಗ ಹರ್ಷದ್ ಸಾಂಗಲಿಯಿಂದ ತಂದ ಕರಿ ರಬ್ಬರಿನ ಪೈಪು. ತೂತು ಕಾಣುವುದಿಲ್ಲ, ಮೈಯೆಲ್ಲ ಬೆವರಿದಂತೆ ನೀರು ಜಿನುಗುತ್ತದೆ. ನನ್ನ ಹೆಂಡತಿ ಅಲಕಾ ಸೇವಂತಿಗೆ ಸಸಿಗಳ ಬುಡಕ್ಕೆ ಅದನ್ನು ಹಾಸಿದ್ದಳು. ಕಳೆ ತೆಗೆಯುವಾಗ ಕುಡಗೋಲು ತಾಗಿ ಸೀಳಿತು.

ಆ ದಿನ ಚತುರ್ದಶಿ. ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಚತುರ್ದಶಿಗಂತೂ ನನಗೆ ಒಂದೇ ಊಟ. ಮಧ್ಯಾಹ್ನ ಅಲಕಾ ತಾಟು ಹಾಕಿದಾಗ, ಪೈಪು ಕಟ್ಟಿ ಬಂದು ನಿಶ್ಚಿಂತೆಯಿಂದ ಉಣ್ಣುತ್ತೇನೆ ಎಂದೆ. ಕೆಟ್ಟಿದ್ದು ಅಲ್ಲೇ.

ಸೀಳಿದ ಜಾಗ ಕತ್ತರಿಸಿ, ಡ್ರಿಪ್ಪಿನ ಜಾಯಿಂಟರ್ ತುರುಕಿ, ಸೈಕಲ್ ಟ್ಯೂಬಿನ ಪಟ್ಟಿ ಬಿಗಿದೆ. ತೋಟದ ರೂಢಿಯಂತೆ ಬಾವಿಯ ಮೋಟರಿಗೇ ಜೋಡಿಸಿ ಗುಂಡಿ ಒತ್ತಿದೆ. ಕಟ್ಟಿದ ಜಾಗ ಗಟ್ಟಿಯಿತ್ತು. ಎರಡು ಮೊಳ ಆಚೆ ಪೈಪು ಹೊಟ್ಟೆ ಉಬ್ಬಿಸಿ ಒಡೆಯಿತು. ಅದನ್ನೂ ಕಟ್ಟಿದೆ. ಮತ್ತಷ್ಟು ಆಚೆ ಒಡೆಯಿತು. ಮೋಟರು ಬೇಡ, ನಲ್ಲಿಗೆ ಹಚ್ಚಿರಿ ಎಂದು ಅಲಕಾ ಹೇಳಿದಳು. ನಲ್ಲಿಯ ನೀರು ಗುಬ್ಬಿಗೂ ಸಾಲದು ಎಂದು ನಾನು ಅವಳ ಮಾತು ಕೇಳಲಿಲ್ಲ. ಸಂಜೆಯ ಹೊತ್ತಿಗೆ ಪೈಪು, ಮಿರಜದ ಆಸ್ಪತ್ರೆಯಲ್ಲಿ ಬ್ಯಾಂಡೇಜು ಸುತ್ತಿಸಿಕೊಂಡು ಬಂದ ಹೆಬ್ಬಾವಿನಂತೆ ಬಿದ್ದಿತ್ತು. ನನ್ನ ಹೊಟ್ಟೆ ಗುಡುಗಿದ್ದಕ್ಕೆ ಪಕ್ಕದ ಊರು ಖಂಡೇರಾಜುರಿಯ ಜನ ಮಳೆ ಬಂತೆಂದು ಒಣಹಾಕಿದ ಜೋಳ ಒಳಗೆ ತಂದರಂತೆ.

“ಸೂರ್ಯಾ ಕಬ್ಬಿನ ಮ್ಯಾಲ ಬಂದಾನ್ರಿ. ಪೈಪ್ ಎಲ್ಲಿ ಓಡಿ ಹೋಗತೈತಿ? ಉಣ್ಣಾಕ ಬರ್ರಿ,” ಎಂದಳು ಅಲಕಾ.

“ಇದೊಂದ ಗಂಟು.”

“ಮಧ್ಯಾನದಿಂದ ಅದೊಂದ ಗಂಟ ನಡದೈತಿ. ನಮ್ಮ ಲಗ್ನದಾಗೂ ನೀವು ಇಷ್ಟ ಗಂಟ ಹಾಕಿರಲಿಲ್ಲ.”

ಕಡೆಗೂ ಪೈಪು ಒಡೆಯದೆ ಬೆವರತೊಡಗಿತು. ಕೈ ತೊಳೆದು ಓಡಿ ಬಂದರೆ, ಕಬ್ಬು ಸೂರ್ಯನನ್ನು ನುಂಗಿತ್ತು. ಅಲಕಾ ತಾಟು ಎತ್ತುತ್ತಿದ್ದಳು. ನೆಲಕ್ಕೆ ಮುಳುಗಿದರೇನು, ಮಾಳಿಗೆಗೆ ಇನ್ನೂ ಮುಳುಗಿಲ್ಲ ಎಂದು ತಾಟು ಇಸಿದುಕೊಂಡು ಏಣಿ ಹತ್ತಿದೆ. ನಿಜವಾಗಿಯೂ ಮೇಲೆ ಉಗುರಿನಷ್ಟು ಸೂರ್ಯ ಉಳಿದಿದ್ದ. ಜೋಳದ ಭಕ್ಕರಿ ಮುರಿದು ಕಡಲೆಹಿಟ್ಟಿನ ಝುಣಕಕ್ಕೆ ಹಚ್ಚಿದೆ.

ಕೆಳಗೆ ಪಟ್ಟೆಂದಿತು. ನೀರಿನ ಕೋಲೊಂದು ಎದ್ದು, ತೆಂಗಿನ ಗರಿ ತೊಳೆದು, ದಾರಿಯಲ್ಲಿ ಒಂದು ಕಾಗೆಗೆ ಸ್ನಾನ ಮಾಡಿಸಿ, ಮಾಳಿಗೆಗೆ ಬಂದು ನನ್ನ ತಾಟಿನೊಳಗೇ ಬಿತ್ತು.

ಅಲಕಾ ಮೋಟರು ಬಂದ್ ಮಾಡಿ ಮೇಲೆ ನೋಡಿದಳು. ಬಟ್ಟೆಯಲ್ಲಿ ಸೋಸದ ನೀರನ್ನು ನಾವು ಬಾಯಿಗೆ ಮುಟ್ಟಿಸುವುದಿಲ್ಲ; ಇದೋ ನೇರ ಬಾವಿಯದು. ಸೂರ್ಯ ಇನ್ನೂ ಇದ್ದ. ತುತ್ತು ಕೈಯಲ್ಲೇ ಇತ್ತು.

“ತಾಟಿನ್ಯಾಗ ನೀರು ಬಿತ್ತೇನ್ರಿ?”

ಇಲ್ಲ ಎನ್ನಲು ಬಾಯಿ ತೆರೆದೆ. ಊರಿಗೆಲ್ಲ ಬುರುಡೆ ಬಿಡುವ ಬಾಯಿಗೆ ಆ ಒಂದು ಸುಳ್ಳು ಬರಲಿಲ್ಲ.

“ಬಿತ್ತು,” ಎಂದು ಕೆಳಗಿಳಿದೆ.

ಇಳಿಯುವಷ್ಟರಲ್ಲಿ ಹೊತ್ತು ಮುಳುಗಿತು; ಭಕ್ಕರಿ ಹಿತ್ತಲಿನ ಎಮ್ಮೆಗೆ ಹೋಯಿತು. ನಾನು ಕತ್ತರಿ ಹಿಡಿದು ಮತ್ತೆ ಪೈಪಿನ ಮುಂದೆ ಕುಳಿತೆ. ಎಮ್ಮೆ ನನ್ನನ್ನೇ ನೋಡುತ್ತ, ಅವಸರವಿಲ್ಲದೆ ಅಗಿಯುತ್ತಿತ್ತು.